ಮಳೆ ಹಿಡಿದ ಮೇಲೆ ಅಜ್ಜಿಯ ಕಿವಿ ಮಷಿನ್ ಸರಿಯಾಗಿ ಕೇಳಿಸ್ತಿಲ್ಲ, ಸೆಲ್ ಮೂರೇ ದಿನಕ್ಕೆ ಖಾಲಿ. ಏನು ನೋಡಬೇಕು?

ಹೊಸನಗರದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿಗೆ 78 ವರ್ಷ. ಫೆಬ್ರವರಿಯಲ್ಲಿ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಬಲಗಿವಿಗೆ ಮಷಿನ್ ಕೊಡಿಸಿದೆವು. ಕಿವಿ ಹಿಂದೆ ಕೂರುವಂಥದ್ದು, ಟ್ಯೂಬ್ ಮತ್ತು ಕಿವಿಯೊಳಗೆ ಕೂರುವ ಮೋಲ್ಡ್ ಇರುವುದು. ಅಂಗಡಿಯವರ ಬಾಗಿಲು ಮುಚ್ಚಿದ ರೂಮಿನಲ್ಲಿ ಅಜ್ಜಿ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಪರವಾಗಿರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಷ್ಟ ಶುರುವಾಗಿದೆ. ಹತ್ತು ದಿನ ಬರುತ್ತಿದ್ದ ಸೆಲ್ ಮೂರು ದಿನಕ್ಕೆ ಮುಗಿಯುತ್ತದೆ. ಕೆಲವು ಸಲ ಬೆಳಿಗ್ಗೆ ಕೇಳುತ್ತದೆ, ಸಂಜೆ ಇಲ್ಲ. ಜಗಲಿಗೆ ತಗಡು ಹಾಕಿಸಿದ್ದೇವೆ, ಮಳೆ ಹೊಯ್ಯುವಾಗ ಅಲ್ಲಿ ಕೂತರೆ ಬರೀ ಗೌಜು ಅಂತಾರೆ. ಮೊನ್ನೆ ಅಮ್ಮ ಸೊಪ್ಪು ಕೇಳಿದರೆ ಅಜ್ಜಿ ಉಪ್ಪಿನ ಭರಣಿ ತಂದಿಟ್ಟರು. ಎಲ್ಲರೂ ನಕ್ಕರು. ಅವತ್ತಿಂದ ಅಜ್ಜಿ ಮಷಿನ್ ತೆಗೆದು ಡಬ್ಬಿಯಲ್ಲಿಟ್ಟಿದ್ದಾರೆ, ಮಾತೂ ಕಡಿಮೆ ಮಾಡಿದ್ದಾರೆ. ನನಗೆ ತುಂಬಾ ಬೇಜಾರಾಗಿದೆ. ಮಷಿನ್ನೇ ಸರಿ ಇಲ್ಲವೋ, ನಾವು ಬಳಸುವುದು ಸರಿ ಇಲ್ಲವೋ, ಹೇಗೆ ತಿಳಿಯುವುದು?

ಭದ್ರಾವತಿ ಸರ್ಕ್ಯೂಟ್

ಮೊದಲು ಸೆಲ್ ವಿಷಯ ನೋಡೋಣ. ಯಾವ ನಂಬರಿನದು? ಸ್ಟಿಕ್ಕರ್ ಯಾವ ಬಣ್ಣ? ಎಲ್ಲಿಡುತ್ತೀರಿ? ರಾತ್ರಿ ಮಷಿನ್ ಎಲ್ಲಿರುತ್ತದೆ?

ಹೊಸನಗರದ ಮೊಮ್ಮಗ

13 ನಂಬರ್, ಕಿತ್ತಳೆ ಸ್ಟಿಕ್ಕರ್. ಅಜ್ಜಿಗೆ ಉಗುರಿನಲ್ಲಿ ಸ್ಟಿಕ್ಕರ್ ಕೀಳಲು ಆಗುವುದಿಲ್ಲ ಅಂತ ತಮ್ಮ ಆರು ಸೆಲ್‌ದೂ ಒಟ್ಟಿಗೆ ಕಿತ್ತು ಫ್ರಿಜ್‌ನಲ್ಲಿಟ್ಟಿದ್ದಾನೆ. ರಾತ್ರಿ ಮಷಿನ್ನನ್ನು ಅಜ್ಜಿ ಬಚ್ಚಲು ಒಲೆ ಹತ್ತಿರದ ಗೂಡಿನಲ್ಲಿ ಇಡುತ್ತಾರೆ, ಬೆಚ್ಚಗಿರಲಿ ಅಂತ.

ಭದ್ರಾವತಿ ಸರ್ಕ್ಯೂಟ್

ಸಿಕ್ಕಿತು. ಅದು ಜಿಂಕ್-ಏರ್ ಸೆಲ್. ಅದರ ಮೈಮೇಲೆ ಸಣ್ಣ ತೂತುಗಳಿವೆ, ಸ್ಟಿಕ್ಕರ್ ಕಿತ್ತ ಕೂಡಲೇ ಗಾಳಿ ಒಳಗೆ ಹೋಗಿ ಸತುವಿನ ಜೊತೆ ಕ್ರಿಯೆ ಶುರುವಾಗುತ್ತದೆ. ಮಷಿನ್‌ಗೆ ಹಾಕಿದರೂ ಹಾಕದಿದ್ದರೂ ಅದು ಸವೆಯುತ್ತಲೇ ಇರುತ್ತದೆ. ತಿರುಗಿ ಸ್ಟಿಕ್ಕರ್ ಅಂಟಿಸಿದರೆ ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಬೇಕಾದಾಗ ಒಂದೇ ಕೀಳಬೇಕು, ಐದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಫ್ರಿಜ್ ಬೇಡ. ಹೊರಗೆ ತೆಗೆದಾಗ ಅದರ ಮೇಲೆ ನೀರಿನ ಪಸೆ ಕೂರುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಿಮ್ಮ ಕಡೆಯೂ ಗೋಡೆ ಬೆವರುತ್ತದೆ ಅಲ್ವಾ, ಆ ಪಸೆಯೇ ಮಷಿನ್ ಒಳಗೂ ಹೋಗುತ್ತದೆ.

ಒಲೆ ಹತ್ತಿರ ದಯವಿಟ್ಟು ಇಡಬೇಡಿ. ಶಾಖಕ್ಕೆ ಪ್ಲಾಸ್ಟಿಕ್ ಹಾಳು, ಹೊಗೆ ಮತ್ತು ಬೂದಿಗೆ ಮೈಕಿನ ತೂತು ಕಟ್ಟುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರೂ ಇದ್ದಾರೆ, ಅದರ ಹಿಟ್ಟೂ ತೂತಿಗೆ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಪಸೆ ಹೀರುವ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾಗುವ ಕಾಳುಗಳನ್ನೇ ತನ್ನಿ, ಯಾವಾಗ ಒಣಗಿಸಬೇಕು ಅಂತ ಕಣ್ಣಿಗೇ ಕಾಣುತ್ತದೆ. ರಾತ್ರಿ ಸೆಲ್ ತೆಗೆದು ಹೊರಗಿಡಿ, ಸೆಲ್ಲಿನ ಬಾಗಿಲು ತೆರೆದೇ ಮಷಿನ್ನನ್ನು ಡಬ್ಬಿಯಲ್ಲಿಡಿ. ಸೆಲ್ ಮಾತ್ರ ಆ ಡಬ್ಬಿಗೆ ಬೇಡ, ಅದಕ್ಕೆ ತೀರಾ ಒಣ ಗಾಳಿಯೂ ಆಗುವುದಿಲ್ಲ.

ಇನ್ನೊಂದು, ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನೀರಿನ ಹನಿ ನಿಂತಿದ್ದರೆ ಸದ್ದು ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಮೋಲ್ಡ್ ಬಿಡಿಸಿಕೊಂಡು ರಬ್ಬರ್ ಬುರುಡೆಯಲ್ಲಿ ಗಾಳಿ ಊದಿ ಹನಿ ತೆಗೆಯಿರಿ.

ಸಾಗರದ ಆಡಿಯಾಲಜಿಸ್ಟ್

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಸೊಪ್ಪು ಉಪ್ಪಾಗಿದ್ದು ಸೆಲ್ಲಿನ ತೊಂದರೆ ಇರಲಿಕ್ಕಿಲ್ಲ. ವಯಸ್ಸಾದವರಿಗೆ ಮೊದಲು ಹೋಗುವುದು ಕೀಚಲು ಸದ್ದುಗಳು. ಮಾತಿನ ಜೋರು ಸ್ವರಗಳಲ್ಲಿದೆ, ಮಾತಿನ ಅರ್ಥ ಬಹುಪಾಲು ವ್ಯಂಜನಗಳಲ್ಲಿದೆ. "ಸೊಪ್ಪು" ಎಂಬುದರಿಂದ ಸ್ ತೆಗೆದರೆ ಉಳಿಯುವುದು "ಒಪ್ಪು", ಅಡುಗೆಮನೆಯಲ್ಲಿ ಅದು ಉಪ್ಪೇ ಆಗುತ್ತದೆ. ಅಜ್ಜಿ ತಮಗೆ ಕೇಳಿದ್ದಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದಾರೆ. ಇದನ್ನು ಮನೆಯವರಿಗೆಲ್ಲ ಹೇಳಿ. ಮತ್ತೆ ಯಾರೂ ನಗುವುದು ಬೇಡ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಲಿಂಗ್ ಆರು ಸದ್ದಿನ ಪರೀಕ್ಷೆ ಅಂತ ಹೆಸರು. ಮ್, ಊ, ಆ, ಈ, ಶ್, ಸ್. ಅಜ್ಜಿಯ ಹಿಂದೆ ಒಂದು ಮೀಟರ್ ದೂರ ನಿಂತು, ಮಾಮೂಲಿ ದನಿಯಲ್ಲಿ, ಒಂದೊಂದೇ ಹೇಳಿ. ಕ್ರಮ ಬದಲಿಸುತ್ತಾ ಇರಿ, ನಡುವೆ ಬಿಡುವೂ ಒಂದೇ ಸಮ ಬೇಡ, ಇಲ್ಲದಿದ್ದರೆ ಲೆಕ್ಕ ಹಾಕಿ ಹೇಳಿಬಿಡುತ್ತಾರೆ. ಬಾಯಿಗೆ ಕೈ ಅಡ್ಡ ಹಿಡಿಯಬೇಡಿ, ಸದ್ದೇ ಬದಲಾಗುತ್ತದೆ. ಕೇಳಿದ್ದನ್ನು ಅವರು ತಿರುಗಿ ಹೇಳಲಿ. ಮ್, ಊ ಕೆಳಗಿನ ಕಂಪನದವು, ಸ್ ಸುಮಾರು 4000 ಹರ್ಟ್ಜ್‌ಗಿಂತ ಮೇಲಿನದು. ಹೀಗೆ ಆರೇ ಸದ್ದಿನಲ್ಲಿ ಮಾತಿನ ಪೂರ್ತಿ ಹರವು ಗೊತ್ತಾಗುತ್ತದೆ.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದು ವಾರ ಮಾಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಬೆಳಿಗ್ಗೆ ಕೇಳಿದ ಸದ್ದು ಸಂಜೆ ಕೇಳದಿದ್ದರೆ ಪಸೆ, ಗುಗ್ಗೆ, ಸೆಲ್, ಟ್ಯೂಬ್ ನೋಡಿ. ಯಾವಾಗ ಕೇಳಿದರೂ ಸ್ ಇಲ್ಲವೇ ಇಲ್ಲ ಅಂದರೆ ಮಷಿನ್ ಒಣಗಿಸಿ ಪ್ರಯೋಜನವಿಲ್ಲ, ಅದನ್ನು ಕಿವಿಗೆ ತಕ್ಕಂತೆ ಹೊಂದಿಸಿರಲಿಕ್ಕಿಲ್ಲ.

ಇನ್ನು ತಗಡಿನ ಮಳೆ. ಇಲ್ಲಿ ಯಾವ ಮಷಿನ್ ಆದರೂ ಸೋಲುತ್ತದೆ, ದುಬಾರಿಯದ್ದೂ ಸಹ. ಎದುರಿನ ಮಾತನ್ನು ಮಾತ್ರ ಹಿಡಿಯುವ ಮೈಕುಗಳಿವೆ ನಿಜ, ಆದರೆ ಮಳೆ ಸದ್ದು ಸುತ್ತಲಿಂದಲೂ ಬರುತ್ತದೆ. ಗದ್ದಲ ತಗ್ಗಿಸುವ ವ್ಯವಸ್ಥೆ ಕಿರಿಕಿರಿ ಕಡಿಮೆ ಮಾಡುತ್ತದೆ, ಮಾತು ಸ್ಪಷ್ಟವಾಗುವುದು ಅದರಿಂದ ಅಷ್ಟಾಗಿ ಇಲ್ಲ. ಇರುವ ದೊಡ್ಡ ಉಪಾಯ ಅಂದರೆ ಹತ್ತಿರ ಬರುವುದು. ಅಂತರ ಅರ್ಧ ಮಾಡಿದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಅಡುಗೆಮನೆಯಿಂದ ಕೂಗುವ ಬದಲು ನಾಲ್ಕು ಮೀಟರನ್ನು ಒಂದಕ್ಕೆ ಇಳಿಸಿ, ಮುಖ ಕಾಣುವ ಹಾಗೆ ಕೂತು ಹೇಳಿ.

ತೀರ್ಥಹಳ್ಳಿ ಮಗಳು

ನನ್ನ ಅಪ್ಪನಿಗೂ ಇದೇ ಕಥೆ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿ ಪೇಪರ್ ಓದುತ್ತಾರಾ? ಓದುವುದಾದರೆ ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿ ನೋಡಿ, ಆಡಿದ ಮಾತು ಅಕ್ಷರವಾಗಿ ಫೋನಿನ ಮೇಲೆ ಬರುತ್ತದೆ. 2019ರಲ್ಲಿ ಬಂದ ಆ್ಯಪ್, ಕನ್ನಡ ಬರುತ್ತದೆ, ಅಕ್ಷರ ದೊಡ್ಡದು ಮಾಡಬಹುದು. ಆದರೆ ಸುಮ್ನೆ ನಂಬಬೇಡಿ, ನಿಮ್ಮ ಮನೆ ಮಾತಿನಲ್ಲೇ ಪರೀಕ್ಷೆ ಮಾಡಿ. ನಾನು ದಿನಾ ಆಡುವ ಇಪ್ಪತ್ತು ಮಾತು ಬರೆದಿಟ್ಟು ಒಂದೊಂದಾಗಿ ಹೇಳಿ ನೋಡಿದೆ. "ತೋಟಕ್ಕೆ ಹೋಗ್ತೀನಿ" ಅಂದರೆ "ತೋಟಕ್ಕೆ ಹೋಗುತ್ತೇನೆ" ಅಂತ ಬಂತು, ಪರವಾಗಿಲ್ಲ. "ಇವತ್ತು ಬರಲ್ಲ" ಅಂದಿದ್ದಕ್ಕೆ "ಇವತ್ತು ಬರಲಿ" ಅಂತ ಬಂತು, ಅದು ಅಪಾಯ.

ಭದ್ರಾವತಿ ಸರ್ಕ್ಯೂಟ್

ಅಕ್ಕ, ಇದು ಬಹಳ ಒಳ್ಳೆ ಮಾತು. ಇಂಥ ತಂತ್ರಾಂಶ ಅಳೆಯುವವರು ಸಾಮಾನ್ಯವಾಗಿ ತಪ್ಪಿದ ಪದ, ಬಿಟ್ಟ ಪದ, ಹೆಚ್ಚಿಗೆ ಸೇರಿದ ಪದ ಕೂಡಿಸಿ ಆಡಿದ ಒಟ್ಟು ಪದಗಳಿಂದ ಭಾಗಿಸುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಎರಡೂ ಒಂದೊಂದೇ ತಪ್ಪು. ಕನ್ನಡದಲ್ಲಿ ಕಾಲ, ಲಿಂಗ, "ಇಲ್ಲ" ಎಲ್ಲ ಪದದ ಬಾಲದಲ್ಲೇ ಅಂಟಿಕೊಂಡಿರುವುದರಿಂದ ಒಂದಕ್ಷರಕ್ಕೆ ಪೂರ್ತಿ ಪದ ತಪ್ಪು ಅಂತಲೂ ಆಗುತ್ತದೆ, ಒಂದಕ್ಷರದಲ್ಲಿ ಅರ್ಥ ಪೂರ್ತಿ ತಿರುಗಿಯೂ ಹೋಗುತ್ತದೆ. ಮನೆ ಬಳಕೆಗೆ ಅರ್ಥ ಉಳಿಯಿತಾ ಇಲ್ಲವಾ ಅಂತ ಎಣಿಸುವುದೇ ಸರಿ. ಮತ್ತೆ ಫೋನು ಮಾತಾಡುವವರ ಬಾಯಿ ಹತ್ತಿರ ಇರಲಿ. ಮಳೆ ಸದ್ದು ಅದಕ್ಕೂ ಕೇಳುತ್ತದೆ.

ಹೊಸನಗರದ ಮೊಮ್ಮಗ

ಹತ್ತು ದಿನ ಆಯ್ತು, ಏನಾಯ್ತು ಅಂತ ಬರೆಯುತ್ತಿದ್ದೇನೆ. ಹೊಸ ಸೆಲ್, ಸಿಲಿಕಾ ಜೆಲ್ ಡಬ್ಬಿ ತಂದೆ. ಟ್ಯೂಬಿನಲ್ಲಿ ನಿಜವಾಗಿಯೂ ಹನಿ ಇತ್ತು. ಸೆಲ್ ಇನ್ನೂ ನಡೆಯುತ್ತಿದೆ. ಸಂಜೆ ಸದ್ದು ಹೋಗುವುದು ನಿಂತಿದೆ. ಆದರೆ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಸಲವೂ ಸ್ ಎದುರು ಸೊನ್ನೆ. ಶ್ ಐದು ಸಲ ಕೇಳಿದೆ. ಉಳಿದವು ಎಲ್ಲ ಸರಿ.

ಸಾಗರದ ಆಡಿಯಾಲಜಿಸ್ಟ್

ಹಾಗಾದರೆ ಆ ಕ್ಯಾಲೆಂಡರ್ ಹಾಳೆ, ಹಳೆಯ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಎರಡನ್ನೂ ತೆಗೆದುಕೊಂಡು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರ ಹತ್ತಿರ ಹೋಗಿ. ಕಿವಿಯೊಳಗೆ ಸಣ್ಣ ಮೈಕಿನ ನಳಿಕೆ ಇಟ್ಟು, ಮಷಿನ್ ನಿಜವಾಗಿ ಎಷ್ಟು ಸದ್ದು ಕೊಡುತ್ತಿದೆ ಅಂತ ಅಳೆಯುವ ಪರೀಕ್ಷೆ ಇದೆಯಾ ಅಂತ ಕೇಳಿ. ಬರೀ ಕಂಪ್ಯೂಟರಿನ ಗೆರೆ ನೋಡಿ ಹೊಂದಿಸಿದರೆ ಸಾಲದು, ಒಬ್ಬೊಬ್ಬರ ಕಿವಿ ಒಂದೊಂದು ಥರ. ಗದ್ದಲದ ನಡುವೆ ಮಾತು ಕೇಳಿಸಿಯೂ ಪರೀಕ್ಷಿಸಲಿ. ಹತ್ತಿರದಲ್ಲಿ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಎಡಗಿವಿಯನ್ನೂ ನೋಡಿಸಿ.

ಹೊಸನಗರದ ಮೊಮ್ಮಗ

ಇವತ್ತು ಬೇರೆ ಆಡಿಯಾಲಜಿಸ್ಟ್ ಹತ್ತಿರ ಹೋಗಿ ಬಂದೆವು. ಅಳತೆ ಮಾಡಿದರು, ಕೀಚಲು ಸದ್ದಿಗೆ ಬೇಕಾದಷ್ಟು ಬಲವನ್ನೇ ಕೊಟ್ಟಿರಲಿಲ್ಲವಂತೆ. ಸ್ವಲ್ಪ ಏರಿಸಿದ್ದಾರೆ, ಒಂದೇ ಸಲ ಬೇಡ, ಎರಡು ವಾರ ಬಿಟ್ಟು ಬನ್ನಿ ಅಂದರು. ಬರುವಾಗ ಬಸ್ಸಿನಲ್ಲಿ ಅಜ್ಜಿಗೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಕೇಳಿ ಗಾಬರಿ. ಮನೆಗೆ ಬಂದು ಹಿಂದೆ ನಿಂತು "ಸ್" ಅಂದೆ. ತಿರುಗಿ "ಹಾವು ಬಂತೇನೋ?" ಅಂತ ಕೇಳಿದರು. ಸೊನ್ನೆಗಳ ಪಕ್ಕದಲ್ಲಿ ಮೊದಲ ಸರಿ ಗುರುತು ಹಾಕಿದ್ದೇನೆ.