ಬೀಗಲ್ ತರೋ ಮುಂಚೆ ಇದೊಂದು ಕೇಳು ಅಕ್ಕಾ

ಅಕ್ಕಾ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ವಾಯ್ಸ್ ಕಳಿಸ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳು. ಬೀಗಲ್ ಮರಿ ಫೋಟೋ ಹಾಕಿ, ಮಕ್ಕಳು ಹಟ ಹಿಡಿದಿದ್ದಾರೆ, ಚಿಕ್ಕ ನಾಯಿ ಅಲ್ವಾ, ಫ್ಲ್ಯಾಟಲ್ಲಿ ಸಾಕಬಹುದಾ ಅಂತ ಕೇಳಿದ್ಯಲ್ಲ. ಚಿಕ್ಕದೇ, ನಿಜ. ಪೂರ್ತಿ ಬೆಳೆದ್ಮೇಲೂ 13ರಿಂದ 15 ಇಂಚು ಎತ್ತರ, ತೂಕ 10 ಕೆ.ಜಿ. ಆಸುಪಾಸು. ಮಕ್ಕಳ ಜೊತೆ ಇಷ್ಟು ಚೆನ್ನಾಗಿ ಹೊಂದ್ಕೊಳ್ಳೋ ನಾಯಿಗಳು ಕಡಿಮೆ. ನಮ್ಮನೇದು ಅಂದ್ರೆ ನನಗೆ ಪ್ರಾಣ, ನಿನಗೇ ಗೊತ್ತು. ಆದ್ರೆ ಮನೆ ಎಷ್ಟು ದೊಡ್ಡದು ಅಂತ ನೋಡೋಕೆ ಮುಂಚೆ, ಅದರ ಮೂಗಿಗೆ ದಿನಾ ಟೈಮ್ ಕೊಡೋರು ಯಾರು ಅಂತ ನೀನೂ ಭಾವನೂ ಕೂತು ಮಾತಾಡ್ಕೊಳ್ಳಿ.

ಯಾಕೆ ಅಂದ್ರೆ, ಬೇಟೆನಾಯಿಗಳಲ್ಲಿ ಗ್ರೇಹೌಂಡ್ ಥರದ್ದು ಕಣ್ಣಿಗೆ ಕಂಡಿದ್ದನ್ನ ಅಟ್ಟಿಸ್ಕೊಂಡು ಹೋಗುತ್ತೆ. ಬೀಗಲ್, ಬ್ಯಾಸೆಟ್ ಹೌಂಡ್, ಬ್ಲಡ್‌ಹೌಂಡ್ ಇವೆಲ್ಲ ನೆಲಕ್ಕೆ ಮೂಗಿಟ್ಟು ಜಾಡು ಹಿಡಿಯೋ ಜಾತಿ. ಬೀಗಲ್‌ನ ಇಂಗ್ಲೆಂಡಲ್ಲಿ ಮೊಲದ ಬೇಟೆಗೆ ಅಂತಾನೇ ಬೆಳೆಸಿದ್ದು. ನಾಯಿಗಳು ಗುಂಪಾಗಿ ಮುಂದೆ, ಜನ ನಡ್ಕೊಂಡು ಹಿಂದೆ. ಯಾವ ಕಡೆ ಹೋಗ್ಬೇಕು ಅಂತ ತೀರ್ಮಾನ ಮಾಡ್ತಿದ್ದಿದ್ದೇ ನಾಯಿ. ಹಿಂದೆ ತಿರುಗಿ ಯಜಮಾನನ ಮುಖ ನೋಡ್ತಾ ನಿಂತ್ರೆ ಜಾಡು ತಪ್ಪೋದು. ಹಾಗಾಗಿ ನೀನು ಹತ್ತು ಸಲ ಹೆಸರು ಕೂಗಿದ್ರೂ ಅದು ತಲೆ ಎತ್ತದೇ ಇದ್ರೆ, ಅದಕ್ಕೆ ಬುದ್ಧಿ ಇಲ್ಲ, ಹಟಮಾರಿ ಅಂತ ಯಾರಾದ್ರೂ ಅಂದ್ರೆ ನನಗೆ ತುಂಬ ಬೇಜಾರಾಗುತ್ತೆ. ತಲೆಮಾರುಗಳಿಂದ ಯಾವ ಗುಣ ನೋಡಿ ಆರಿಸಿದ್ರೋ ಅದೇ ಗುಣ ಅದು.

ಈ ಮೂಗಿನ ವಿಷಯ ನೋಡು, ನಾಯಿ ಉಸಿರು ಬಿಡೋದು ಮೂಗಿನ ಪಕ್ಕದ ಸೀಳಿಂದ. ಬಿಟ್ಟ ಗಾಳಿ ಪಕ್ಕಕ್ಕೆ ಹೋಗುತ್ತೆ, ಒಳಗೆ ಬರ್ತಿರೋ ವಾಸನೆ ಚದುರಲ್ಲ. ಅಮೆರಿಕದಲ್ಲಿ 1984ರಿಂದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಲ್ಲಿರೋ ಹಣ್ಣು, ಮಾಂಸ ಪತ್ತೆ ಮಾಡೋಕೆ ಬೀಗಲ್‌ಗಳನ್ನೇ ಇಟ್ಟಿದ್ದಾರೆ. ಮೂಗು ಚುರುಕು, ಜನ ಹೆದರಲ್ಲ, ಒಂದು ತುಂಡು ತಿಂಡಿ ಸಿಕ್ಕಿದ್ರೆ ಎಷ್ಟು ಹೊತ್ತಾದ್ರೂ ಕೆಲಸ ಮಾಡುತ್ತೆ. ಕಲಿಸೋಕೂ ಇದೇ ದಾರಿ: ತಿಂಡಿ ಕೊಟ್ಟು ಕಲಿಸು, ಗದರಿಸಿ ಏನೂ ಪ್ರಯೋಜನ ಇಲ್ಲ.

ಈಗ ವಾಕಿಂಗ್. ಇದನ್ನ ಭಾವನಿಗೂ ಕೇಳಿಸು. ಬಿರಬಿರನೆ ಎಳ್ಕೊಂಡು ಒಂದು ಸುತ್ತು ಹಾಕಿಸಿ ಬಂದ್ರೆ ಅದಕ್ಕೆ ವಾಕಿಂಗ್ ಆದ ಹಾಗೇ ಅಲ್ಲ. ಒಂದೇ ಕಂಬದ ಹತ್ತಿರ ನಿಂತು ಮೂಸ್ತಾನೇ ಇರುತ್ತೆ, ಮೂಸೋಕೆ ಬಿಡಬೇಕು. ಪೇಪರ್ ಓದ್ತಾ ಕೂತವರ ಕೈಯಿಂದ ಪೇಪರ್ ಕಿತ್ಕೊಂಡ್ರೆ ಹೇಗಿರುತ್ತೆ, ಹಾಗಾಗುತ್ತೆ ಅದಕ್ಕೆ. ಮೂಸ್ತಾ ಮೂಸ್ತಾ ಅರ್ಧ ಗಂಟೆ ತಿರುಗಾಡಿದ್ರೂ ಮನೆಗೆ ಬಂದು ಸುಮ್ಮನೆ ಮಲಗುತ್ತೆ. ಕುತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕೋ ಹಾರ್ನೆಸ್ ತಗೊಳ್ಳಿ, ಎಳೆಯೋ ನಾಯಿ ಇದು. ಸುತ್ತ ಬೇಲಿ ಇಲ್ಲದ ಜಾಗದಲ್ಲಿ ಬಿಚ್ಚಿ ಬಿಡಲೇಬೇಡಿ, ಎಷ್ಟೇ ಟ್ರೇನಿಂಗ್ ಆಗಿದ್ರೂ ಸರಿ. ಜಾಡು ಸಿಕ್ಕಿದ್ರೆ ರಸ್ತೆಯೂ ಕಾಣಲ್ಲ, ಗಾಡಿಯೂ ಕಾಣಲ್ಲ. ಮಳೆ ಬಂದ ದಿನ ಹಳೇ ಟವೆಲ್ ಸುತ್ತಿ ಒಳಗೆ ಅದರ ಊಟದ್ದೇ ನಾಲ್ಕು ಕಾಳು ಬಚ್ಚಿಡಿ, ರಟ್ಟಿನ ಡಬ್ಬಗಳಲ್ಲಿ ಬಚ್ಚಿಡಿ, ಹುಡುಕಲಿ. ಮಕ್ಕಳಿಗೂ ಅದು ಒಳ್ಳೇ ಆಟ.

ಅಕ್ಕಪಕ್ಕದವರ ಬಗ್ಗೆ ಕೇಳಿದ್ಯಲ್ಲ, ಅದೇ ನನಗೂ ಯೋಚನೆ. ಇದು ಬೊಗಳೋದಷ್ಟೇ ಅಲ್ಲ, ಕತ್ತೆತ್ತಿ ಊಳಿಡುತ್ತೆ. ಬೇಟೆಯಲ್ಲಿ ದೂರ ಇದ್ದವರಿಗೆ ಕೇಳಿಸಲಿ ಅಂತ ಇರೋ ಗಂಟಲು. ಗುಂಪಲ್ಲಿ ಬೆಳೆದ ಜಾತಿ ಬೇರೆ, ಒಂಟಿತನ ತಡ್ಕೊಳ್ಳಲ್ಲ. ನೀವಿಬ್ಬರೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋಗಿ ಸಂಜೆ ತನಕ ಮನೇಲಿ ಯಾರೂ ಇಲ್ಲ ಅಂದ್ರೆ ತರಬೇಡ ಅಂತಲೇ ನಾನು ಹೇಳೋದು. ಅತ್ತೆ ಇರ್ತಾರೆ, ಅವರಿಗೂ ಇಷ್ಟ ಇದೆ ಅಂದ್ರೆ ಆ ಮಾತು ಬೇರೆ.

ಊಟ ಅಳತೆ ಮಾಡಿ ಹಾಕ್ಬೇಕು. ಹೊಟ್ಟೆ ತುಂಬಿದ್ರೂ ಬೇಡುತ್ತೆ, ಆ ಕಣ್ಣು ನೋಡಿ ಎಲ್ಲರೂ ಒಂದೊಂದು ಬಿಸ್ಕತ್ತು ಕೊಟ್ರೆ ಬೇಗ ದಪ್ಪ ಆಗಿ ಕೀಲು, ಬೆನ್ನು ಹಾಳಾಗುತ್ತೆ. ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಇರಲಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ನಾಯಿಗೆ ವಿಷ, ಮಕ್ಕಳಿಗೆ ಈಗಲೇ ಹೇಳಿಡು. ಜೋತುಬಿದ್ದ ಕಿವಿಯೊಳಗೆ ಗಾಳಿ ಆಡಲ್ಲ, ವಾರಕ್ಕೊಂದ್ಸಲ ಎತ್ತಿ ನೋಡಿ. ಕೆಟ್ಟ ವಾಸನೆ ಬಂದ್ರೆ, ತಲೆ ಒದರ್ತಾನೇ ಇದ್ರೆ ಡಾಕ್ಟರಿಗೆ ತೋರಿಸಿ.

ಭಾವ ಬ್ಯಾಸೆಟ್ ಆಗಬಹುದಾ ಅಂದ್ರಲ್ಲ, ಸ್ವಭಾವ ಇನ್ನೂ ನಿಧಾನ. ಆದ್ರೆ ಕಾಲು ಗಿಡ್ಡ, ಮೈ ಭಾರ, ಬೆನ್ನು ಉದ್ದ. ದಿನಾ ಮೆಟ್ಟಿಲು ಹತ್ತಿಸಿ ಇಳಿಸೋ ಮನೆಗೆ ಬೇಡ.

ಮರೀನೇ ಬೇಕು ಅಂತ ಇಲ್ಲದಿದ್ರೆ, ಯಾರೋ ಸಾಕೋಕಾಗದೆ ಬಿಟ್ಟ ದೊಡ್ಡ ಬೀಗಲ್ ಸಿಗುತ್ತಾ ಅಂತ ಮೊದಲು ವಿಚಾರಿಸೋಣ, ನಾನೂ ಕೇಳಿ ನೋಡ್ತೀನಿ. 12ರಿಂದ 15 ವರ್ಷ ಬದುಕೋ ಜೀವ ಅದು, ಈಗ ಒಂದನೇ ಕ್ಲಾಸಲ್ಲಿರೋ ನಿನ್ನ ಚಿಕ್ಕವನು ಕಾಲೇಜು ಸೇರೋ ತನಕ ಮನೇಲಿರುತ್ತೆ. ಅಡ್ವಾನ್ಸ್ ಏನೂ ಕೊಡಬೇಡ ಈಗಲೇ. ಈ ಭಾನುವಾರ ಎಲ್ಲರೂ ನಮ್ಮನೆಗೆ ಬನ್ನಿ, ನಮ್ಮವಳನ್ನ ನೀನೇ ಹಿಡ್ಕೊಂಡು ಒಂದು ವಾಕ್ ಹೋಗಿ ಬಾ. ಆಮೇಲೆ ಮಾತಾಡೋಣ.