ಸಹಾಯ ಬೇಕು: ‘ವರ್ಟಿಗೋ’ದಲ್ಲಿ ಹೋಟೆಲಿನಿಂದ ಮ್ಯಾಡೆಲೀನ್ ಹೊರಗೆ ಹೋಗಿದ್ದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಿಚ್‌ಕಾಕ್‌ನ 1958ರ ಸಿನಿಮಾ ‘ವರ್ಟಿಗೋ’ ನೋಡಿಲ್ಲದವರು ದಯವಿಟ್ಟು ಮುಂದೆ ಓದಬೇಡಿ, ಗುಟ್ಟು ರಟ್ಟಾಗುತ್ತದೆ.

ನಿನ್ನೆ ರಾತ್ರಿ ಮೂರನೇ ಸಲ ನೋಡಿದೆ. ಒಂದು ದೃಶ್ಯ ತಲೆಯಿಂದ ಹೋಗುತ್ತಲೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಜಿ ಪತ್ತೇದಾರ ಸ್ಕಾಟಿ, ತನ್ನ ಹಳೆಯ ಗೆಳೆಯ ಎಲ್‌ಸ್ಟರ್‌ನ ಮಾತಿನ ಮೇರೆಗೆ ಅವನ ಹೆಂಡತಿ ಮ್ಯಾಡೆಲೀನ್‌ಳ ಹಸಿರು ಕಾರಿನ ಹಿಂದೆ ಬರುತ್ತಾನೆ. ಅವಳು ಒಂದು ಹಳೆಯ ಹೋಟೆಲಿನ ಒಳಗೆ ಹೋಗುತ್ತಾಳೆ. ಮಹಡಿಯ ಕಿಟಕಿಯಲ್ಲಿ ಅವಳನ್ನು ಅವನು ಕಣ್ಣಾರೆ ನೋಡುತ್ತಾನೆ, ನಾವೂ ನೋಡುತ್ತೇವೆ. ಆದರೆ ಒಳಗೆ ಹೋಗಿ ಕೇಳಿದರೆ, ರಬ್ಬರ್ ಗಿಡದ ಎಲೆಗೆ ಎಣ್ಣೆ ಸವರುತ್ತಿದ್ದ ಹೆಂಗಸು ‘ಇವತ್ತು ಅವರು ಬಂದೇ ಇಲ್ಲ’ ಅನ್ನುತ್ತಾಳೆ. ಬೀಗದ ಕೈ ಅಲ್ಲೇ ನೇತಾಡುತ್ತಿದೆ. ಕೋಣೆ ಖಾಲಿ. ಕಿಟಕಿಯಿಂದ ಬಗ್ಗಿ ನೋಡಿದರೆ ಕಾರೂ ಇಲ್ಲ!

ದೆವ್ವದ ಕಥೆಯಾಗಿದ್ದರೆ ಒಪ್ಪಬಹುದಿತ್ತು. ಆದರೆ ಈ ಮ್ಯಾಡೆಲೀನ್, ಎಲ್‌ಸ್ಟರ್ ದುಡ್ಡು ಕೊಟ್ಟು ತನ್ನ ಹೆಂಡತಿಯಂತೆ ನಟಿಸಲು ಹಚ್ಚಿದ ಜೂಡಿ ಅಂತ ಆಮೇಲೆ ಗೊತ್ತಾಗುತ್ತದೆ ಅಲ್ವಾ? ಹಾಗಾದರೆ ಮಾಯವಾಗಿದ್ದು ಹೇಗೆ? ಆ ಹೆಂಗಸಿಗೂ ದುಡ್ಡು ಕೊಟ್ಟಿದ್ದರು ಅನ್ನೋಣ ಅಂದರೆ, ಅವಳ ಮುಖದಲ್ಲಿ ಸುಳ್ಳಿನ ಸುಳಿವೇ ಇಲ್ಲ. ಜೂಡಿ ಹಿಂಬಾಗಿಲಿನಿಂದ ಹೋದಳು ಅಂದರೂ, ಮುಂದೆ ನಿಂತಿದ್ದ ಕಾರು ಸ್ಕಾಟಿ ಮಾತಾಡುತ್ತಿದ್ದ ಅಷ್ಟೇ ಹೊತ್ತಿನಲ್ಲಿ ಹೊರಡಬೇಕಿತ್ತು. ಜೂಡಿ ಬರೆದು ಹರಿದು ಹಾಕುವ ಪತ್ರದಲ್ಲೂ ಹೋಟೆಲಿನ ಮಾತಿಲ್ಲ.

ನನಗೆ ತುಂಬಾ ಇಷ್ಟದ ಸಿನಿಮಾ ಇದು. ಹಿಚ್‌ಕಾಕ್ ಸುಮ್ನೆ ಮರೆತುಬಿಟ್ಟ ಅಂತ ನಂಬೋಕೆ ಮನಸ್ಸು ಬರುತ್ತಿಲ್ಲ. ನಾನು ಗಮನಿಸದ ಸುಳಿವು ಏನಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ.