ಅಪ್ಪನ ಜೊತೆ ಕುಮಾರ ಪರ್ವತ: ಕುಕ್ಕೆಯಿಂದಲೋ, ಬೀದಹಳ್ಳಿಯಿಂದಲೋ?

ಹಾಸನದ ಹುಡುಗ:
ನವೆಂಬರ್ ಕೊನೆಗೆ ಅಪ್ಪನನ್ನು ಕರೆದುಕೊಂಡು ಕುಮಾರ ಪರ್ವತ ಹತ್ತಬೇಕು ಅಂತಿದ್ದೇನೆ. ಅವರಿಗೆ 58. ದಿನಾ ವಾಕಿಂಗ್ ಮಾಡ್ತಾರೆ, ಬೆಟ್ಟ ಹತ್ತಿ ಅಭ್ಯಾಸವಿಲ್ಲ. ಸುಬ್ರಹ್ಮಣ್ಯನ ದರ್ಶನ ಮಾಡಿ ಅಲ್ಲಿಂದಲೇ ಹೊರಡೋಣ ಅನ್ನೋದು ಅವರ ಆಸೆ. ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಚಾರಣಪ್ರಿಯ:
ಕುಕ್ಕೆ ಕಡೆಯದೇ ಮಜಾ ಗುರು. ದಾರಿಯಲ್ಲಿ ಸಿಗೋ ಗಿರಿಗದ್ದೆ ಭಟ್ಟರ ಮನೆಯ ಅನ್ನ ಸಾಂಬಾರ್ ಬಿಟ್ಟು ಬೇರೆ ದಾರಿ ಯಾಕೆ? ಬೆಳಗ್ಗೆ ಬೇಗ ಹೊರಡಿ, ಆಗುತ್ತೆ.

ಕಾಫಿತೋಟ:
ನಾನು ಸೋಮವಾರಪೇಟೆ ಕಡೆಯವನು, ಪಕ್ಷಪಾತ ಅನ್ಕೊಂಡರೂ ಪರವಾಗಿಲ್ಲ. ನಮ್ಮ ಕಡೆಯ ಬೀದಹಳ್ಳಿಯಿಂದ ಹೋಗಿ ಸರ್.

ಕುಕ್ಕೆ ಇರುವುದು ಘಟ್ಟದ ಕೆಳಗೆ. ಶಿಖರ 1712 ಮೀಟರ್. ಆ ಎತ್ತರವನ್ನೆಲ್ಲ ಕಾಲಲ್ಲೇ ಹತ್ತಬೇಕು, ಒಂದು ಕಡೆಗೇ ಸುಮಾರು 13 ಕಿ.ಮೀ. ಬೀದಹಳ್ಳಿ ಘಟ್ಟದ ಮೇಲಿದೆ. ಅರ್ಧ ಬೆಟ್ಟ ನಿಮ್ಮ ಕಾರೇ ಹತ್ತಿರುತ್ತದೆ. ಅಲ್ಲಿಂದ ಸುಮಾರು 7 ಕಿ.ಮೀ., ಹೆಚ್ಚಿನದು ಕಾಡಿನ ನೆರಳು.

ಕುಕ್ಕೆ ದಾರಿಯಲ್ಲಿ ಭಟ್ಟರ ಮನೆಯವರೆಗೆ ಕಾಡು, ಸರಿ. ಅದಾದ ಮೇಲೆ ಶೇಷ ಪರ್ವತದವರೆಗೂ ಬೋಳು ಹುಲ್ಲುಗುಡ್ಡ. ಕಲ್ಲು ಮಂಟಪ ಬಿಟ್ಟರೆ ತಲೆ ಮೇಲೆ ಸೂರಿಲ್ಲ. ಶೇಷ ಪರ್ವತ ಹತ್ತಿದವರು ಮುಗೀತು ಅಂತ ಉಸಿರು ಬಿಡ್ತಾರೆ. ಎದುರಿಗೆ ನೋಡಿದರೆ ಕುಮಾರ ಪರ್ವತ ಇನ್ನೂ ಆಚೆ! ಮತ್ತೆ ಕಣಿವೆಯ ದಟ್ಟ ಶೋಲಾ ಕಾಡಿಗೆ ಇಳಿದು, ಬಂಡೆ ಹತ್ತಬೇಕು. ಅಪ್ಪನವರ ಹುಮ್ಮಸ್ಸು ಅಲ್ಲೇ ಜರ್ರನೆ ಇಳಿಯೋದು.

ಹತ್ತೋದಕ್ಕೆ ದಮ್ಮು ಸಾಕು. ಇಳಿಯೋಕೆ ಮಂಡಿ ಬೇಕು. ವಾಕಿಂಗ್ ಮಾಡುವವರಿಗೂ ಇಳಿಜಾರಿನಲ್ಲಿ ತೊಡೆ ನಡುಗುತ್ತದೆ. ಒಂದು ಒಳ್ಳೆ ಕೋಲು ಕೊಡಿ. ಮಧ್ಯಾಹ್ನ ಹನ್ನೆರಡಾದರೆ ಎಲ್ಲಿದ್ದರೂ ತಿರುಗಿ ಬನ್ನಿ. ನಮ್ಮ ಕಡೆ ದಾರಿಯಲ್ಲೂ ತುದಿಗೆ ಹತ್ತಿರ ದೊಡ್ಡ ಹಾಸುಬಂಡೆ ಇದೆ. ಒಣಗಿದ್ದರೆ ಸಲೀಸು. ಒದ್ದೆಯಾಗಿದ್ದರೆ ಪಾಚಿ ಜಾರುತ್ತದೆ, ಆಗ ಹಟ ಬೇಡ.

ದರ್ಶನ ಮಾರನೇ ದಿನ ಇಟ್ಟುಕೊಳ್ಳಿ. ಸುಬ್ರಹ್ಮಣ್ಯ ಕಾಯ್ತಾನೆ, ಅರಣ್ಯ ಇಲಾಖೆ ಗೇಟ್ ಕಾಯಲ್ಲ.

ಹಾಸನದ ಹುಡುಗ:
ಸರಿ ಅಣ್ಣ, ಬೀದಹಳ್ಳಿಯೇ ಫಿಕ್ಸ್. ಟಿಕೆಟ್ ಗೇಟಲ್ಲೇ ಸಿಗುತ್ತಾ? ಉಂಬಳ (ಜಿಗಣೆ) ಇರುತ್ತಾ?

ಕಾಫಿತೋಟ:
ಗೇಟಲ್ಲಿ ನಂಬಬೇಡಿ. 2024ರ ಜನವರಿಯಲ್ಲಿ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್ ಬಂತು. ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಲ್ಲಿ ಮೊದಲೇ ಮಾಡಿ. ಶನಿವಾರ, ಭಾನುವಾರ ಬೇಗ ತುಂಬುತ್ತದೆ. ಗುರುತಿನ ಚೀಟಿ ಇಬ್ಬರದ್ದೂ ಇರಲಿ. ಇದು ಪುಷ್ಪಗಿರಿ ಅಭಯಾರಣ್ಯ, ಪ್ಲಾಸ್ಟಿಕ್ ವಿಷಯದಲ್ಲಿ ಚೀಲ ಬಿಚ್ಚಿಸಿ ನೋಡ್ತಾರೆ. ಒಳ್ಳೇದೇ ಬಿಡಿ.

ಉಂಬಳ ನವೆಂಬರ್ ಕೊನೆಗೆ ಕಮ್ಮಿ. ಹಿಂದಿನ ದಿನ ಮಳೆ ಬಿದ್ದಿದ್ದರೆ ಮಾತ್ರ ಕಾಡಿನೊಳಗೆ ಸ್ವಾಗತಕ್ಕೆ ನಿಂತಿರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಒಂದು ಬಟ್ಟೆಯಲ್ಲಿ ಉಪ್ಪು ಗಂಟು ಕಟ್ಟಿ, ಒದ್ದೆ ಮಾಡಿ ಇಟ್ಟುಕೊಳ್ಳಿ. ಕಚ್ಚಿದ ಕಡೆ ಮುಟ್ಟಿಸಿದರೆ ಉದುರುತ್ತದೆ. ಎಳೆದು ಕೀಳಬೇಡಿ, ಗಾಯ ಜಾಸ್ತಿ ಆಗುತ್ತದೆ.

ಚಾರಣಪ್ರಿಯ:
ಇಳಿದ ಮೇಲೆ ಟೈಮ್ ಇದ್ದರೆ ಮಲ್ಲಳ್ಳಿ ಜಲಪಾತ ಹತ್ತಿರ.

ಕಾಫಿತೋಟ:
ಅಲ್ಲೂ ನೂರಾರು ಮೆಟ್ಟಿಲು ಇಳಿದು ಹತ್ತಬೇಕು ಮಾರಾಯ. ಅವರಪ್ಪನನ್ನು ಬಿಟ್ಟುಬಿಡು.